ಮಣಿಕಟ್ಟಿನ ಲಾಡಿ

ಜುಲೈ ೨, ಮಂಗಳವಾರ

ಎರಡೂ ಮುಕ್ಕಾಲು. ಫಟ್ಟೆಂದು ಬಟ್ಟೆ ಕೊಡವಿದ ಸದ್ದಿಗೆ ಎಚ್ಚರವಾಯಿತು. ಕಳ್ಳನಾದರೆ ಬಟ್ಟೆ ಕೊಡವುತ್ತಾ ನಿಲ್ಲುವುದಿಲ್ಲ ಎಂದು ತಲೆ ಸಮಾಧಾನ ಹೇಳುವಷ್ಟರಲ್ಲಿ ಕಾಲು ಆಗಲೇ ಮಗಳ ಕೋಣೆಯ ಬಾಗಿಲಲ್ಲಿತ್ತು. ಹಾಸಿಗೆಯ ಮೇಲೆ ಎದ್ದು ಕೂತಿದ್ದಾಳೆ. ಕಣ್ಣು ಮುಚ್ಚಿದೆ. ಹೊದಿಕೆಯ ಎರಡು ಮೂಲೆ ಹಿಡಿದು ಕೊಡವಿದಳು, ಎದುರಿಗೆ ಯಾರೋ ಇಸಿದುಕೊಳ್ಳುತ್ತಾರೆ ಎಂಬಂತೆ ಮುಂದಕ್ಕೆ ಚಾಚಿದಳು, ಬಿಟ್ಟಳು, ಮತ್ತೆ ಮೂಲೆ ಹುಡುಕಿದಳು.

"ಮಲ್ಕೋ ಪುಟ್ಟಾ" ಅಂದೆ.

"ಆಯ್ತು ಮೇಡಂ" ಅಂದು ಮಲಗಿದಳು.

ಹದಿನಾರು ವರ್ಷದಿಂದ ಅಮ್ಮನಾಗಿದ್ದವಳು ಎರಡೇ ವಾರದಲ್ಲಿ ಮೇಡಂ ಆಗಿಬಿಟ್ಟೆ.

ಇವರನ್ನು ಅಲುಗಾಡಿಸಿ ಎಬ್ಬಿಸಿದೆ. ನಸುಕಿನಲ್ಲೇ ಎದ್ದು ಬಸ್ಸು ಓಡಿಸುವ ಮನುಷ್ಯನ ನಿದ್ದೆ ಕೆಡಿಸಬಾರದು, ಗೊತ್ತು. ಆದರೂ ಎಬ್ಬಿಸಿದೆ.

"ನಿದ್ದೇಲಿ ಕೆಲ್ಸ ಮಾಡ್ತಿದಾಳ್ರೀ."

"ಓವರ್‌ಟೈಮ್ ಕೊಡ್ತಾರಾ ಕೇಳು" ಅಂದವರೇ ಮಗ್ಗುಲಾದರು.

ಅಡುಗೆಮನೆಯ ದೀಪ ಹಾಕಿಕೊಂಡು ಇದನ್ನು ಬರೆಯುತ್ತಿದ್ದೇನೆ. ಕಾಲೇಜು ಶುರುವಾಗುವವರೆಗೆ ಮನೆಯಲ್ಲಿ ಕೂತು ಕೂತು ಬೇಜಾರು ಎಂದು ಅವಳೇ ಹುಡುಕಿಕೊಂಡ ಕೆಲಸ ಇದು. ಊರಂಚಿನ ದೊಡ್ಡ ಲಾಂಡ್ರಿ. ಹೋಟೆಲುಗಳ, ಆಸ್ಪತ್ರೆಗಳ ಹಾಸಿಗೆಬಟ್ಟೆಗಳು ರಾಶಿಗಟ್ಟಲೆ ಬರುತ್ತವಂತೆ. ಒಗೆದು, ಹಿಂಡಿ, ಕೋಣೆಯಗಲದ ಬಿಸಿ ರೋಲರ್ ಒಂದರೊಳಗೆ ಕಳಿಸಿದರೆ ಆ ಕಡೆ ಇಸ್ತ್ರಿಯಾಗಿ ಬೀಳುತ್ತವಂತೆ. ಈ ಕಡೆ ಹಾಕುವವರು, ಆ ಕಡೆ ಮಡಚುವವರು. ಇವಳದು ಮಡಚುವ ಕೆಲಸ. ಸೋಮವಾರ ರಜೆ. ನನಗೆ ಗೊತ್ತಿರುವುದು ಇಷ್ಟೇ, ಯಾಕೆಂದರೆ ಸಂಜೆ ಬಂದವಳ ಬಾಯಿಂದ ಹೊರಡುವುದು ಒಂದೇ ಮಾತು.

"ಹೇಗಿತ್ತು?"

"ಚೆನ್ನಾಗಿತ್ತು."

"ಊಟ?"

"ಚೆನ್ನಾಗಿತ್ತು."

"ಡಬ್ಬಿ ಇಲ್ಲೇ ಬಿಟ್ಟು ಹೋಗಿದ್ಯಲ್ಲೇ!"

"ಅದಕ್ಕೇ ಚೆನ್ನಾಗಿತ್ತು."

ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಓದಿದವಳು ನಾನು. ಕೊನೆಯ ಪರೀಕ್ಷೆಯ ಹೊತ್ತಿಗೆ ಇವಳು ಮಡಿಲಲ್ಲಿದ್ದಳು. ಸರಾಸರಿಯ ಲೆಕ್ಕದಲ್ಲಿ ಇಂಥ ಕಡೆ ಅಪಘಾತಗಳು ಅಪರೂಪ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಆದರೆ ಇರುವುದು ಒಬ್ಬಳು ಮಗಳು. ಒಬ್ಬಳ ಸರಾಸರಿ ತೆಗೆಯುವುದು ಹೇಗೆ ಎಂದು ಯಾವ ಮೇಷ್ಟ್ರೂ ಕಲಿಸಲಿಲ್ಲ.

ಜುಲೈ ೩, ಬುಧವಾರ

ಎಡಗೈ ಮಣಿಕಟ್ಟಿನ ಮೇಲೆ ಕೆಂಪು ಗೆರೆ. ನೀರು ಕುಡಿಯಲು ಲೋಟ ಎತ್ತಿದಾಗ ಕಂಡಿತು. ತೋಳು ಕೆಳಗೆಳೆದುಕೊಂಡಳು.

"ಏನದು?"

"ಬಿಸಿ ತಾಗಿದೆ. ಹಾಕೋ ಕಡೆ ಹಾಗೇ ಆಗತ್ತೆ."

ಹಾಕುವ ಕಡೆ! ಅಲ್ಲಿಗೆ ಯಾವಾಗ ಹೋದಳು? ಶನಿವಾರದಿಂದಂತೆ. ಯಾರೋ ಬಿಟ್ಟು ಹೋದರಂತೆ, ಸೀಟಿ ಮೇಡಂ "ನೀನು ಬಾ" ಅಂದರಂತೆ, ಇವಳು ಹೋದಳಂತೆ. ಆ ಗದ್ದಲದಲ್ಲಿ ಕೂಗಿದರೆ ಕೇಳಿಸುವುದಿಲ್ಲವೆಂದು ಕೊರಳಿಗೊಂದು ಸೀಟಿ ನೇತುಹಾಕಿಕೊಂಡಿರುವ ಮೇಲ್ವಿಚಾರಕಿ ಅವರು. ಅದಕ್ಕೇ ಆ ಹೆಸರು.

ನಾನು ಕೂಡುವುದು ಕಣ್ಣಿನ ಆಸ್ಪತ್ರೆಯ ಕೌಂಟರಿನಲ್ಲಿ. ಮಧ್ಯಾಹ್ನ ರೋಗಿಗಳಿಗೆ ಟೋಕನ್ ಕೊಡುವುದರ ನಡುವೆ ಲಾಂಡ್ರಿಗೆ ಫೋನ್ ಮಾಡಿದೆ. ಹಿಂದಿನಿಂದ ರೈಲು ಹೋಗುತ್ತಿರುವಂಥ ಸದ್ದು. ಸೀಟಿ ಮೇಡಂ ಬಲು ಪ್ರೀತಿಯಿಂದಲೇ ಮಾತಾಡಿದರು.

"ನಿಮ್ಮ ಮಗಳಾ? ಚಿನ್ನ ಕಣ್ರೀ! ಒಂದ್ಸಲ ಹೇಳಿದ್ರೆ ಮುಗೀತು. ಯಾಕೆ, ಏನು ಅಂತ ಒಂದು ಪ್ರಶ್ನೆ ಇಲ್ಲ. ಹೆಂಗೆ ಬೆಳೆಸಿದ್ರಿ?"

ಇಡೀ ಮಧ್ಯಾಹ್ನ ಎದೆಯುಬ್ಬಿಸಿಕೊಂಡು ಟೋಕನ್ ಹಂಚಿದೆ. ಹೇಗೆ ಬೆಳೆಸಿದೆ ಎಂದರೆ, ದೊಡ್ಡವರಿಗೆ ಎದುರಾಡಬಾರದು ಎಂದು ಹೇಳಿ ಬೆಳೆಸಿದೆ. ನನ್ನ ವಯಸ್ಸು ನೋಡಿ ಅಕ್ಕತಂಗಿಯರಾ ಎಂದು ಕೇಳಿದವರಿಗೆಲ್ಲ ಅವಳ ನಡತೆಯೇ ಉತ್ತರವಾಗಲಿ ಎಂದು ಹಟ ಹಿಡಿದು ಬೆಳೆಸಿದೆ.

ಇವರು ಊಟಕ್ಕೆ ಕೂತಾಗ ಮಣಿಕಟ್ಟಿನ ಸುದ್ದಿ ಎತ್ತಿದೆ. "ನಾನು ಅವಳ ವಯಸ್ಸಿಗೆ ಮೊದಲೇ ಗ್ಯಾರೇಜು ಸೇರ್ದೆ. ನಂಗೇನಾಯ್ತು?" ಅಂದರು, ಅರ್ಧ ಕಿರುಬೆರಳಿಲ್ಲದ ಅದೇ ಕೈಯಲ್ಲಿ ತಲೆ ಕೆರೆದುಕೊಳ್ಳುತ್ತಾ. ನಾನು ಆ ಬೆರಳನ್ನೇ ನೋಡಿದೆ. ಅವರೂ ನೋಡಿಕೊಂಡರು. "ಇದು ಬಿಡು, ಇದು ಬೇರೆ" ಅಂದರು.

ಮಲಗುವ ಮುಂಚೆ ಫೋನಿನಲ್ಲಿ ಓದಬಾರದ್ದನ್ನೆಲ್ಲ ಓದಿದೆ. ರೋಲರ್‌ಗಳಿಂದಾಗುವ ಸುಟ್ಟಗಾಯಗಳು, ಅವುಗಳ ಚಿತ್ರಗಳು. ಮುಂದಿನ ಪುಟ ತೆರೆಯುವ ಧೈರ್ಯವಾಗಲಿಲ್ಲ. ಸಾಕು, ಬಿಸಿಯೇ ಶತ್ರು ಎಂದು ತಿಳಿಯಿತಲ್ಲ.

ಜುಲೈ ೬, ಶನಿವಾರ

ಹೊಲಿದೆ! ಇವರ ಹಳೆಯ ಯೂನಿಫಾರ್ಮಿನ ಪ್ಯಾಂಟು, ಒಳಗೆ ಟವೆಲಿನ ಪದರ. ಮಗಳು ಮಲಗಿದ್ದಾಗ ಅವಳ ಅಂಗೈ ಕಾಗದದ ಮೇಲಿಟ್ಟು ಅಳತೆ ತೆಗೆದೆ. ಮೊಣಕೈವರೆಗೂ ಬರುವಂಥ ಕೈಗವಸು. ಸೂಜಿ ಎರಡು ಸಲ ಮುರಿಯಿತು, ಬಟ್ಟೆ ಅಷ್ಟು ದಪ್ಪ. ಹಾಕಿ ನೋಡಿದರೆ ಕೆಲಸದ ನಡುವೆ ಜಾರೀತು ಅನ್ನಿಸಿತು. ಅದಕ್ಕೆ ಮಣಿಕಟ್ಟಿನ ಹತ್ತಿರ ಲಾಡಿ ಕೂರಿಸಿದೆ, ಎಳೆದು ಗಂಟು ಹಾಕಿದರೆ ಅಲುಗಾಡುವ ಹಾಗಿಲ್ಲ. ಒಲೆಯ ಮೇಲಿನ ಬಿಸಿ ತವೆಯನ್ನು ಅದೇ ಕೈಯಲ್ಲಿ ಹಿಡಿದು ಎತ್ತಿದೆ. ಏನೂ ತಾಗಲಿಲ್ಲ. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮಗಳ ಮುಖ ಮಾತ್ರ ಅರಳಲಿಲ್ಲ.

"ಅಲ್ಲಿ ಯಾರೂ ಗ್ಲೌಸ್ ಹಾಕ್ಕೊಳ್ಳಲ್ಲಮ್ಮ."

"ಯಾರ ಮನೇಲೂ ಹೊಲಿದು ಕೊಡೋರಿಲ್ಲ, ಹಾಕ್ಕೊಳ್ಳಲ್ಲ."

"ಹಾಗಲ್ಲ, ಅಲ್ಲಿ ಗೋಡೆ ಮೇಲೆ..."

"ಗೋಡೆ ಮೇಲೆ ಏನಾದ್ರೂ ಇರ್ಲಿ. ನಿನ್ನ ಕೈ ನನ್ನದು."

ಕೈಗವಸನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ನಾಚಿಕೆ ಇರಬೇಕು. ಈ ವಯಸ್ಸಿನಲ್ಲಿ ಜೊತೆಯವರು ನಗುತ್ತಾರೆ ಎನ್ನುವುದೇ ದೊಡ್ಡ ಭಯ, ಬೆಂದುಹೋದರೂ ಪರವಾಗಿಲ್ಲ. ನಕ್ಕರೆ ನಗಲಿ ಅಂದೆ. ಹಾಕಿಕೊಳ್ಳುತ್ತೇನೆ ಅಂತ ಮಾತು ತೆಗೆದುಕೊಂಡೆ. ಲಾಡಿಯನ್ನೂ ಬಿಗಿಯಾಗಿ ಕಟ್ಟುತ್ತೇನೆ ಅಂತ ಇನ್ನೊಂದು ಸಲ ಹೇಳಿಸಿದೆ.

"ಆಯ್ತಮ್ಮ" ಅಂದಳು.

"ನಂಗೆ ಕಾಣೋ ಹಾಗೆ ಕಟ್ಟಿ ತೋರ್ಸು."

ತೋರಿಸಿದಳು. ಒಂದು ಕೈಯಲ್ಲಿ ಆಗುವುದಿಲ್ಲ, ಹಲ್ಲಿನಿಂದ ಎಳೆದು ಕಟ್ಟಬೇಕು. ಅದನ್ನೂ ಕಲಿಸಿದೆ.

ಜುಲೈ ೯, ಮಂಗಳವಾರ

ನಿನ್ನೆ ನಿದ್ದೆ ಬಂತು. ಮೊನ್ನೆಯೂ ಬಂದಿತ್ತು. ಎದ್ದಾಗ ಬೆಳಕು ಹರಿದಿತ್ತು, ಮಗಳು ಹೊರಟುಹೋಗಿದ್ದಳು, ಗೂಟದಲ್ಲಿ ಕೈಗವಸು ಇರಲಿಲ್ಲ. ಬರೆಯಲು ಬೇರೇನೂ ಇಲ್ಲ.

ಜುಲೈ ೧೧, ಗುರುವಾರ

ಕೆಳಮನೆ ಅಕ್ಕ ಮೆಟ್ಟಿಲಲ್ಲಿ ಸಿಕ್ಕಿದರು. ಅವರಿಗೆ ಆಸ್ಪತ್ರೆಯಲ್ಲಿ ಆಯಾ ಕೆಲಸ, ಬರೀ ರಾತ್ರಿ ಪಾಳಿ. ನಾನು ಕೆಲಸಕ್ಕೆ ಇಳಿಯುವಾಗ ಅವರು ಪೇಟೆಗೆ ಹೋಗಿ ಬಂದು ಮನೆಗೆ ಹತ್ತುತ್ತಿರುತ್ತಾರೆ. ನಮ್ಮ ಸ್ನೇಹವೆಲ್ಲ ಈ ಮೆಟ್ಟಿಲಲ್ಲೇ ಬೆಳೆದದ್ದು.

"ಏನಮ್ಮಾ ತಂಗಿ, ಮುಖ ಫಳಫಳ ಅಂತಿದೆ? ನಿದ್ದೆ ಸಿಕ್ತಾ ಯಾರ ಹತ್ರಾನಾದ್ರೂ?"

"ಹೊಲಿದುಕೊಂಡೆ ಅಕ್ಕಾ" ಅಂದೆ. ಕೈಗವಸಿನ ಕಥೆ ಹೇಳಿದೆ.

ಅವರ ಮುಖ ಗಂಭೀರವಾಯಿತು. ಅವರ ಮಗನನ್ನೂ ಅದೇ ಲಾಂಡ್ರಿಗೆ ಕರೆದಿದ್ದಾರಂತೆ. ನಮ್ಮವಳ ಓರಗೆಯವನೇ. ಎಲ್ಲರೂ ಉದ್ದಣ್ಣ ಎನ್ನುತ್ತಾರೆ. ನಮ್ಮ ಮೆಟ್ಟಿಲಿನ ದೀಪಕ್ಕೆ ತಲೆ ಬಡಿಸಿಕೊಂಡೇ ಮೇಲೆ ಬರುವ ಹುಡುಗ. ಬರುವ ಸೋಮವಾರದಿಂದ ಶುರು. ನಮ್ಮವಳಿಗೆ ಅವತ್ತು ರಜೆಯಲ್ಲವೇ, ಅವಳ ಜಾಗದಲ್ಲೇ ನಿಲ್ಲಿಸುತ್ತಾರಂತೆ.

"ಆಸ್ಪತ್ರೇಲಿ ಏನೇನು ನೋಡ್ತೀನಿ ಅಂತ ನಂಗೇ ಗೊತ್ತು. ನಮ್ಮನೇಲಿ ಹೊಲಿಯೋರು ಯಾರಿದಾರೆ ಹೇಳು" ಅಂದರು.

"ನಾನಿಲ್ವಾ ಅಕ್ಕಾ?" ಅಂದೆ. ಬಾಯಿಂದ ಹೊರಟ ಮೇಲೆ ಹಿಗ್ಗಿದೆ. ಇಷ್ಟು ದಿನ ನನಗೆ ಭಯವಾದರೆ ಇವರೇ ಧೈರ್ಯ ಹೇಳುತ್ತಿದ್ದರು.

ಉದ್ದಣ್ಣನ ಅಳತೆ ತೆಗೆದುಕೊಂಡೆ. ಅಂಗೈ ಅಂದರೆ ಊಟದ ತಟ್ಟೆ. "ಆಂಟಿ, ನಂಗೆ ಪ್ಯಾಂಟ್ ಹೊಲಿತಿದೀರಾ?" ಅಂದ. ಇವನಿಗೆ ಬರೀ ಲಾಡಿ ಸಾಲದು, ಹುಡುಗರು ಕಟ್ಟುವುದೇ ಇಲ್ಲ. ಲಾಡಿಯ ಜೊತೆಗೆ ಒಳಗೊಂದು ಗಟ್ಟಿ ಎಲಾಸ್ಟಿಕ್ ಕೂಡ.

ಜುಲೈ ೧೨, ಶುಕ್ರವಾರ

ಒಂದೇ ಕೈಗವಸು ತಂದಿದ್ದಾಳೆ!

"ಇನ್ನೊಂದೆಲ್ಲಿ?"

"ಕಳೆದ್ಹೋಯ್ತು."

"ಕೈಗೆ ಕಟ್ಟಿದ್ದು ಹೇಗೆ ಕಳೆದ್ಹೋಗತ್ತೆ?"

ಗೋಡೆ ನೋಡುತ್ತಾ ನಿಂತಳು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಸೂಜಿ ಮುರಿದದ್ದು, ಟವೆಲು ಕತ್ತರಿಸಿದ್ದು, ಬೆನ್ನು ನೋವು, ಎಲ್ಲ ಹೇಳಿದೆ. ನಿನಗಾಗಿ ಸಾಯುತ್ತೇನೆ, ನಿನಗೆ ಒಂದು ತುಂಡು ಬಟ್ಟೆ ಜೋಪಾನ ಮಾಡಲು ಬರುವುದಿಲ್ಲ ಅಂದೆ. ಅತ್ತಾಳು ಅಂದುಕೊಂಡೆ. ಅಳಲಿಲ್ಲ. ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು, ಪರರ ಕೈ ಎಂಬಂತೆ, ಬೆರಳು ಒಂದೊಂದಾಗಿ ಅಲುಗಿಸಿ ನೋಡುತ್ತಿದ್ದಳು. ನಾನು ಇಷ್ಟು ಕೂಗಾಡುವಾಗ ಬೆರಳಾಟ! ಕೈ ಬಿಡು ಅಂದೆ. ಬಿಟ್ಟಳು.

ಊಟ ಮಾಡಲಿಲ್ಲ. ತಲೆನೋವಂತೆ. ಲಾಂಡ್ರಿಯ ಗದ್ದಲಕ್ಕೆ ಬಾರದೇ ಇರುತ್ತದೆಯೇ.

ಉಳಿದ ಬಟ್ಟೆಯಲ್ಲಿ ಇನ್ನೊಂದು ಬಲಗೈಯದು ಕತ್ತರಿಸಿಟ್ಟಿದ್ದೇನೆ. ಮತ್ತೆ ನಿದ್ದೆ ಹೋಯಿತು.

ಜುಲೈ ೧೩, ಶನಿವಾರ

ಉದ್ದಣ್ಣನ ಜೋಡಿ ಮುಗಿಯಿತು. ಕೆಳಮನೆ ಅಕ್ಕನ ಕೈಗೆ ಕೊಟ್ಟೆ. ಕಣ್ಣಿಗೆ ಒತ್ತಿಕೊಳ್ಳುವುದೊಂದು ಬಾಕಿ, ಅಷ್ಟು ಸಂತೋಷಪಟ್ಟರು. ಮಗಳಿಗೆ ಹೇಳಲಿಲ್ಲ. ಅವಳು ನನ್ನ ಜೊತೆ ಮಾತಾಡುತ್ತಿಲ್ಲ, ನಾನೂ ಬಿಗಿದುಕೊಂಡಿದ್ದೇನೆ.

ಜುಲೈ ೧೪, ಭಾನುವಾರ

ಎಲ್ಲಿಂದ ಶುರುಮಾಡಲಿ.

ಬೆಳಿಗ್ಗೆ ಅವಳು ಬರಿಗೈಯಲ್ಲಿ ಹೋಗಿದ್ದಳು. ಹೊಸ ಕೈಗವಸು ಮುಗಿಸಿ, ಮಧ್ಯಾಹ್ನದ ಬಸ್ಸು ಹಿಡಿದು ನಾನೇ ಕೊಟ್ಟುಬರಲು ಹೊರಟೆ. ಸೀಟಿ ಮೇಡಂ ಬಾಗಿಲವರೆಗೆ ಬಂದು ಒಳಗೆ ಕರೆದರು. ಬಿಸಿ ಹಬೆ, ಸೋಪಿನ ವಾಸನೆ, ಕಿವಿ ಕೊರೆಯುವ ಸದ್ದು. ಆ ತುದಿಯಲ್ಲಿ ರೋಲರ್. ನಾನು ಊಹಿಸಿದ್ದಕ್ಕಿಂತ ನಿಧಾನ. ಬಿಳಿ ಬಟ್ಟೆಯನ್ನು ಅವಸರವಿಲ್ಲದೆ, ಬಿಡದೆ ಒಳಗೆ ಎಳೆದುಕೊಳ್ಳುತ್ತಿತ್ತು. ಮಗಳು ಇನ್ನೊಬ್ಬಳ ಜೊತೆ ನಿಂತು ಮೂಲೆ ಹಿಡಿದು, ಫಟ್, ಚಾಚಿ, ಬಿಡುತ್ತಿದ್ದಳು. ಬಿಡುವಾಗ ಬೆರಳಿಗೂ ರೋಲರಿಗೂ ನಡುವೆ ನಾಲ್ಕು ಬೆರಳಿನ ಜಾಗವೂ ಇರಲಿಲ್ಲ.

ಗೋಡೆಯ ಮೇಲೆ ಚಿತ್ರ. ಕೈಗವಸು ಹಾಕಿದ ಕೈ, ಅದರ ಮೇಲೆ ಕೆಂಪು ಅಡ್ಡಗೀಟು. ಓದು ಬಾರದವರಿಗೂ ಗೊತ್ತಾಗುವಂಥ ಚಿತ್ರ. ಅದರ ಕೆಳಗೆ ಮೊಳೆಗೆ ಸಿಕ್ಕಿಸಿದ ಖಾಕಿ ಬಟ್ಟೆಯ ತುಂಡು. ಎಲೆಯಷ್ಟು ತೆಳ್ಳಗೆ. ಐದು ಬೆರಳೂ ಚಪ್ಪಟೆಯಾಗಿ, ಒಂದು ಸುಕ್ಕೂ ಇಲ್ಲದೆ ಇಸ್ತ್ರಿಯಾಗಿತ್ತು. ನನ್ನ ಹೊಲಿಗೆ. ನನ್ನ ದಾರ.

"ಯಾರು ಇದನ್ನ..." ಅಂದೆ.

"ಶುಕ್ರವಾರ" ಅಂದರು ಸೀಟಿ ಮೇಡಂ. "ಬಟ್ಟೆ ಜೊತೆ ಒಳಗೆ ಹೋಯ್ತು. ಆ ಕಡೆ ಮಡಚೋರು ಯಾರ ಕೈಯೇ ಇದು ಅಂತ ಕಿರುಚಿದ್ರು ನೋಡಿ, ನನ್ನ ಜೀವ ಬಾಯಿಗೆ ಬಂತು. ಪುಣ್ಯಕ್ಕೆ ಕೈ ಜಾರಿ ಈಚೆ ಬಂದಿತ್ತು. ನಿಮ್ಮ ಹುಡುಗಿ ಮನೇಲಿ ಹೇಳಿಲ್ವಾ?"

ಹಾಕಿಕೊಂಡದ್ದನ್ನು ನೋಡಿಯೂ ಯಾಕೆ ಸುಮ್ಮನಿದ್ದಿರಿ ಎಂದು ಕೇಳಿದೆ. "ಅಮ್ಮ ಹೇಳಿದಾರೆ ಅಂದ್ಲು. ಅಮ್ಮ ಅಂದ್ಮೇಲೆ ನಾನ್ಯಾರ್ರೀ ಬೇಡ ಅನ್ನೋಕೆ?" ಅಂದರು. ರೋಲರಿನ ಬಾಯಿಗೆ ಅಡ್ಡವಾಗಿ ಒಂದು ಕಬ್ಬಿಣದ ಪಟ್ಟಿ ಇತ್ತು, ಹರಿದ ಬಟ್ಟೆಯ ಚೂರಿನಿಂದ ಮೇಲಕ್ಕೆ ಕಟ್ಟಿಹಾಕಿದ್ದರು. ಅದೇನೆಂದು ಕೇಳಿದೆ.

"ಅದಕ್ಕೆ ಕೈ ತಾಗಿದ್ರೆ ಮಿಷನ್ ನಿಲ್ಲತ್ತೆ. ಬಟ್ಟೆ ಮುದುಡಿದ್ರೂ ನಿಲ್ಲತ್ತೆ. ಮಾತೆತ್ತಿದ್ರೆ ನಿಲ್ತಿದ್ರೆ ಕೆಲ್ಸ ಸಾಗ್ಬೇಡ್ವಾ?"

"ಬಿಚ್ಚಿ" ಅಂದೆ.

"ನೋಡೋಣ, ಮೆಕ್ಯಾನಿಕ್ ಬರ್ಲಿ."

"ಮೆಕ್ಯಾನಿಕ್ ಯಾಕೆ? ಗಂಟು ಬಿಚ್ಚೋಕಾ?"

ಅವರು ಸೀಟಿ ಊದಿದರು, ನನಗಲ್ಲ, ಇನ್ನಾರಿಗೋ. ಪಾಳಿ ಮುಗಿಯುವವರೆಗೆ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದೆ.

ಬಸ್ಸಿನಲ್ಲಿ ಇಬ್ಬರೂ ಪಕ್ಕಪಕ್ಕ. ಅವಳ ಬಲಗೈ ನನ್ನ ಮಡಿಲಲ್ಲಿತ್ತು. ನಾನು ಹಿಡಿದುಕೊಂಡದ್ದೋ ಅವಳು ಇಟ್ಟದ್ದೋ ಗೊತ್ತಿಲ್ಲ.

"ಲಾಡಿ ಕಟ್ಟಿರ್ಲಿಲ್ಲ" ಅಂದಳು. "ಗೇಟ್ ದಾಟಿದ ಕೂಡ್ಲೆ ಬಿಚ್ಚಿಬಿಡ್ತಿದ್ದೆ. ದಿನಾ. ಬಯ್ಬೇಡ."

ಬಯ್ಯಬೇಡವಂತೆ. ಹದಿನಾರು ವರ್ಷದಲ್ಲಿ ನನ್ನ ಒಂದು ಮಾತು ಮೀರಿದ್ದಾಳೆ. ಮೀರಿದ್ದಕ್ಕೆ ಕೈ ಉಳಿದಿದೆ.

"ಗೋಡೆ ಮೇಲಿನ ಚಿತ್ರ ನಿಂಗೆ ಮೊದ್ಲೇ ಗೊತ್ತಿತ್ತಾ?"

"ಹೇಳಕ್ಕೆ ಬಂದೆ."

"ಗಟ್ಟಿಯಾಗಿ ಹೇಳ್ಬೇಕಿತ್ತು."

"ನಿಂಗಾ?" ಅಂದಳು. ನಗಲಿಲ್ಲ. "ನೀನು ಹಾಕ್ಕೋ ಅಂದಾಗ ಬೇಡ ಅನ್ನಕ್ಕಾಗ್ಲಿಲ್ಲ. ಮೇಡಂ ಆ ಪಟ್ಟಿ ಮೇಲೆ ಕಟ್ಟು ಅಂದಾಗ್ಲೂ ಅನ್ನಕ್ಕಾಗ್ಲಿಲ್ಲ. ಕಟ್ಟಿದ್ದು ನಾನೇ."

ನನಗೇನು ಹೊಳೆಯಿತೋ, "ಸರಿ, ನಾನು ಸೀಟಿ ಮೇಡಂ" ಅಂದೆ. "ಏಯ್ ಚಿನ್ನಾ, ಆ ಪಟ್ಟಿ ಕಟ್ಟು ಬಾ."

"ಆಯ್ತು ಮೇ..." ಅಂದು ಬಾಯಿ ಮುಚ್ಚಿಕೊಂಡಳು.

"ಇನ್ನೊಂದ್ಸಲ. ಏಯ್ ಚಿನ್ನಾ, ಕಟ್ಟು."

"ಬೇಡ ಮೇಡಂ."

"ಆ ಗದ್ದಲದಲ್ಲಿ ಇದು ಯಾರಿಗೆ ಕೇಳತ್ತೆ?"

"ಬೇಡ ಮೇಡಂ! ನಾನು ಕಟ್ಟಲ್ಲ!"

ಮುಂದಿನ ಸೀಟಿನ ಅಜ್ಜ ತಿರುಗಿ ನೋಡಿದರು. "ಮಗು ಅಷ್ಟು ಬೇಡ ಅಂತಿದೆ, ಬಿಟ್ಬಿಡಮ್ಮ, ಯಾಕೆ ಪೀಡಿಸ್ತೀಯ" ಅಂದರು. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಇಷ್ಟು ದಿನದ ನಗುವೆಲ್ಲ ಒಟ್ಟಿಗೆ ಬಂದಂತೆ ನಕ್ಕೆವು.

"ಈಗ ನಾನು ನಾನೇ" ಅಂದೆ. "ಗ್ಲೌಸ್ ಹಾಕ್ಕೋ. ಲಾಡಿ ಕಟ್ಟು."

ನಗು ನಿಂತಿತು. ಎರಡು ನಿಲ್ದಾಣ ಕಳೆದವು.

"ಇದು ಕಷ್ಟ" ಅಂದಳು. ಇನ್ನೊಂದು ನಿಲ್ದಾಣ. ಆಮೇಲೆ, ತುಟಿ ಅಲುಗಿತೋ ಇಲ್ಲವೋ ಅನ್ನುವಷ್ಟು ಮೆಲ್ಲಗೆ, "ಬೇಡಮ್ಮ."

ಬಸ್ಸಿನ ಸದ್ದಿನಲ್ಲೂ ಕೇಳಿಸಿತು.

ಮನೆಗೆ ಬಂದವಳೇ ಇನ್ನು ಆ ಕೆಲಸವೇ ಬೇಡ, ಬಿಟ್ಟುಬಿಡು ಅಂದೆ. "ಬಿಡಲ್ಲ" ಅಂದಳು! "ಮಂಗಳವಾರ ಹೋಗಿ ಪಟ್ಟಿ ಬಿಚ್ಚಿ ಅಂತೀನಿ. ಬಿಚ್ಚದೇ ಇದ್ರೆ ಮಡಚೋ ಕಡೆ ನಿಲ್ತೀನಿ. ಅಲ್ಲೂ ಬೇಡ ಅಂದ್ರೆ ಆಗ ಬಿಡ್ತೀನಿ." ನೋಡಿ, ಎದುರು ಮಾತು. ಒಂದು ದಿನ ಕಲಿಸಿದ್ದಕ್ಕೆ ಸಂಜೆಯೇ ನನ್ನ ಮೇಲೆ ಪ್ರಯೋಗ. ಇವರು "ಅವಳು ಹೇಳೋದು ಸರಿ ಇದೆ" ಅಂದು ಕಿರುಬೆರಳ ಕೈಯನ್ನು ಜೇಬಿಗೆ ಹಾಕಿಕೊಂಡರು. ನಾನು ಇಬ್ಬರ ಜೊತೆಯೂ ಮಾತು ಬಿಟ್ಟೆ. ಮಂಗಳವಾರ ನಾನೂ ಜೊತೆಗೆ ಬರಬಹುದೇ ಎಂದು ಕೇಳಬೇಕು. ಬೇಡ ಅಂದರೆ ಗೇಟಿನ ಹೊರಗೆ ನಿಲ್ಲುತ್ತೇನೆ.

ಅವಳು ಎರಡು ಸಲ ಬಡಿಸಿಕೊಂಡು ಉಂಡಳು.

ಅದೇ ರಾತ್ರಿ

ಪಾತ್ರೆ ತೊಳೆಯುವಾಗ ಅವಳು ಒರೆಸಿಡುತ್ತಾ ಅಂದಳು, "ನಾಳೆ ನನ್ನ ಜಾಗಕ್ಕೆ ಉದ್ದಣ್ಣ. ಪಾಪ, ಅವ್ನಿಗೆ ಏನೂ ಗೊತ್ತಿಲ್ಲ."

ನನ್ನ ಕೈ ನೀರಿನಲ್ಲೇ ನಿಂತಿತು.

"ಅಮ್ಮಾ? ಏನಾಯ್ತು? ಅವ್ನಿಗೂ ಹೊಲಿದ್ಯಾ?"

ಓಡಿ ಕೆಳಗಿಳಿದರೆ ಬೀಗ. ಅಕ್ಕ ಪಾಳಿಗೆ ಹೋಗಿಯಾಗಿದೆ. ಲಾಂಡ್ರಿಗೆ ಹತ್ತಿರವೆಂದು ಹುಡುಗ ಇವತ್ತು ತಾತನ ಮನೆಯಲ್ಲೇ ಮಲಗುತ್ತಾನೆ ಎಂದು ಪಕ್ಕದವರು ಹೇಳಿದರು, ಆ ಮನೆ ಎಲ್ಲಿದೆಯೆಂದು ಅವರಿಗೂ ಗೊತ್ತಿಲ್ಲ. ಅವನ ಫೋನ್ ಸ್ವಿಚ್ ಆಫ್. ಅಕ್ಕನ ಫೋನು ಪಾಳಿಯಲ್ಲಿ ಬೀರುವಿನೊಳಗಿರುತ್ತದೆ. ಆಸ್ಪತ್ರೆಗೆ ಮಾಡಿದರೆ ಯಾವ ವಾರ್ಡಿನ ಆಯಾ ಎಂದು ಕೇಳಿ, ಹೇಳಲಾಗದ್ದಕ್ಕೆ ಇಟ್ಟುಬಿಟ್ಟರು. ಲಾಂಡ್ರಿಯಲ್ಲಿ ಎತ್ತುವವರಿಲ್ಲ. ನಸುಕಿನ ಪಾಳಿಗೆ ಸೀಟಿ ಮೇಡಂ ಇರುವುದಿಲ್ಲ, ಅವರು ಬರುವುದು ಬಿಸಿಲೇರಿದ ಮೇಲೆ ಎಂದು ಮಗಳು ಹೇಳುತ್ತಿದ್ದಾಳೆ. ಮೊದಲ ಬಸ್ಸಿಗೆ ನಾನು ಹೋಗುತ್ತೇನೆ, ಆದರೆ ಅದು ಅಲ್ಲಿ ಮುಟ್ಟುವ ಮುಂಚೆಯೇ ರೋಲರ್ ಬಿಸಿಯಾಗಿರುತ್ತದೆ.

ಈ ಪುಸ್ತಕದಿಂದ ಒಂದು ಹಾಳೆ ಹರಿದು ಅವರ ಬಾಗಿಲ ಕೆಳಗೆ ತಳ್ಳುತ್ತೇನೆ. ಅಕ್ಕ ಪಾಳಿ ಮುಗಿಸಿ ಬರುವುದು ಬೆಳಕಾಗುವ ಮುಂಚೆ. "ಸುತ್ತಿ ಬಳಸಿ ಬರೀಬೇಡ, ಮೊದ್ಲು ಗ್ಲೌಸ್ ಅಂತ ಬರಿ" ಎಂದು ಮಗಳು ಭುಜದ ಮೇಲೆ ಬಗ್ಗಿ ನಿಂತಿದ್ದಾಳೆ. ಹಾಗೇ ಬರೆಯುತ್ತೇನೆ.

ಅಕ್ಕಾ,

ನಾನು ಹೊಲಿದುಕೊಟ್ಟ ಗ್ಲೌಸ್ ಉದ್ದಣ್ಣ ಹಾಕಿಕೊಳ್ಳಬಾರದು. ಅದು ರೋಲರಿಗೆ ಸಿಕ್ಕರೆ ಕೈಯನ್ನೂ ಒಳಗೆ ಎಳೆಯುತ್ತದೆ. ಮಗಳದು ಹಾಗೇ ಎಳೆದಿದೆ. ಅವಳು ಲಾಡಿ ಕಟ್ಟಿರಲಿಲ್ಲ, ಅದಕ್ಕೆ ಕೈ ಉಳಿಯಿತು. ಅವನದಕ್ಕೆ ನಾನು ಲಾಡಿಯನ್ನೂ ಹಾಕಿದ್ದೇನೆ, ಎಲಾಸ್ಟಿಕ್ಕನ್ನೂ ಹಾಕಿದ್ದೇನೆ. ಬಿಚ್ಚಲು ಬರುವುದಿಲ್ಲ.

ಗಡಿಯಾರ, ಬಳೆ, ಉದ್ದ ತೋಳು ಏನೂ ಬೇಡ. ರೋಲರಿನ ಮುಂದೆ ಒಂದು ಪಟ್ಟಿ ಇದೆ, ಮೇಲೆ ಕಟ್ಟಿಹಾಕಿದ್ದಾರೆ. ಅದನ್ನು ಬಿಚ್ಚುವವರೆಗೆ ಹಾಕುವ ಕಡೆ ನಿಲ್ಲುವುದಿಲ್ಲ ಅನ್ನಲಿ. ಯಾರು ಹೇಳಿದರೂ ಸರಿ, ನಾನೇ ಹೇಳಿದ್ದರೂ ಸರಿ, ಬೇಡ ಅನ್ನಲಿ. ಗಟ್ಟಿಯಾಗಿ ಅನ್ನಲಿ, ಅಲ್ಲಿ ತುಂಬಾ ಗದ್ದಲ. ಒಂದೆರಡು ಸಲ ಅವನ ಕೈಲಿ ನಿಮಗೇ ಬೇಡ ಎಂದು ಹೇಳಿಸಿ ನೋಡಿ. ಮೊದಲಿಗೆ ಬಾಯಿ ಬರುವುದಿಲ್ಲ.

ನಿಮ್ಮ ಅಪ್ಪನ ಮನೆಯ ನಂಬರು ನನ್ನ ಹತ್ತಿರ ಇಲ್ಲ. ಈ ಕಾಗದ ಕಂಡ ಕೂಡಲೇ, ಚಪ್ಪಲಿ ಬಿಡುವ ಮೊದಲು, ಅಲ್ಲಿಗೆ ಫೋನ್ ಮಾಡಿ, ಅವನನ್ನು ಎಬ್ಬಿಸಿ. ಆಮೇಲೆ ನನಗೆ ಮಾಡಿ. ಎಷ್ಟು ಹೊತ್ತಾಗಿದ್ದರೂ ಮಾಡಿ. ನನಗೆ ನಿದ್ದೆ ಬರುವುದಿಲ್ಲವೆಂದು ನಿಮಗೆ ಗೊತ್ತೇ ಇದೆ, ಎಬ್ಬಿಸಿದ ಪಾಪ ಬರುವುದಿಲ್ಲ. ನನ್ನ ನಂಬರು ಹಿಂದುಗಡೆ ದೊಡ್ಡದಾಗಿ ಬರೆದಿದ್ದೇನೆ. ಬಯ್ಯುವುದಿದ್ದರೆ ಬಯ್ಯಲಿಕ್ಕಾದರೂ ಮಾಡಿ ಅಕ್ಕಾ, ಬೆಳಗಾಗುವ ಮೊದಲು ಮಾಡಿ, ದಮ್ಮಯ್ಯ, ಒಂದೇ ಒಂದು ಫೋನ್ ಮಾಡಿ